ಕಪ್ಪೋ, ಟ್ಯಾಂಪನ್ನೋ? ಉತ್ತರ ಇರೋದು ನಿಮ್ಮ ಬಾತ್‌ರೂಮಲ್ಲಿ

(ಈ ವಾರದ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಮಾತನ್ನು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡಿದೀರಾ? ಇಲ್ಲದಿದ್ರೂ ಪರವಾಗಿಲ್ಲ. ಇವತ್ತಿನ ವಿಷಯ ಪಕ್ಕದಲ್ಲಿರೋರ ಕಿವಿಗೆ ಬಿದ್ರೆ ಒಳ್ಳೇದೇ.

ಹೋದ ಸಂಚಿಕೆಯಲ್ಲಿ ಇಎಂಐ ಬಗ್ಗೆ ಮಾತಾಡಿದ್ದೆ. ಅದನ್ನ ಕೇಳಿದ ಒಬ್ಬ ಹುಡುಗಿ ಮೆಸೇಜ್ ಕಳಿಸಿದ್ಲು. ಡಿಗ್ರಿ ಎರಡನೇ ವರ್ಷ, ಹಾಸ್ಟೆಲ್‌ನಲ್ಲಿದ್ದಾಳೆ. "ಅಕ್ಕಾ, ಇಎಂಐ ಎಲ್ಲ ಆಮೇಲೆ. ಪ್ಯಾಡ್ ಬಿಟ್ಟು ಬೇರೆ ಏನಾದ್ರೂ ಬಳಸೋಣ ಅಂತಿದೀನಿ. ಕಪ್ ತಗೊಳ್ಳಾ, ಟ್ಯಾಂಪನ್ ತಗೊಳ್ಳಾ? ಅಮ್ಮನ್ನ ಕೇಳೋಕಾಗಲ್ಲ."

ಕೊನೆಯ ಆ ಮಾತಿಗಾಗಿಯೇ ಈ ಸಂಚಿಕೆ ಮಾಡ್ತಿದೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬಿಕಾಂ ಮಾಡಿದವಳು. ಟ್ಯಾಂಪನ್ ಎರಡು ವರ್ಷ ಬಳಸಿದೀನಿ, ಕಪ್ ಬಳಸೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು. ಎರಡರಲ್ಲೂ ತಪ್ಪು ಮಾಡಿದೀನಿ. ಅದರಲ್ಲಿ ಒಂದು ತಪ್ಪು ದೊಡ್ಡದು. ಅಲ್ಲಿಂದಲೇ ಶುರು ಮಾಡ್ತೀನಿ.

ಮಾರ್ಚ್ 31ರ ಗೋಡೌನ್

ಓದು ಮುಗಿಸಿ ಒಂದು ಆಡಿಟ್ ಆಫೀಸಲ್ಲಿ ಅಸಿಸ್ಟೆಂಟ್ ಆಗಿದ್ದೆ. ಮಾರ್ಚ್ 31 ಅಂದ್ರೆ ನಮಗೆ ಹಬ್ಬ ಇದ್ದ ಹಾಗೆ. ಕ್ಲೈಂಟ್ ಗೋಡೌನ್‌ಗೆ ಹೋಗಿ ಸ್ಟಾಕ್ ಎಣಿಸಬೇಕು. ಆ ವರ್ಷ ನನ್ನ ಪಾಲಿಗೆ ಬಂದಿದ್ದು ಊರಾಚೆಯ ಒಂದು ದೊಡ್ಡ ಗೋಡೌನ್. ಇದ್ದದ್ದು ಒಂದೇ ಟಾಯ್ಲೆಟ್. ಬಾಗಿಲಿಗೆ ಚಿಲಕ ಇಲ್ಲ, ನಲ್ಲೀಲಿ ನೀರಿಲ್ಲ. ಮುಟ್ಟಿನ ಎರಡನೇ ದಿನ ಬೇರೆ.

ಬೆಳಗ್ಗೆ ಆರೂವರೆಗೆ ಟ್ಯಾಂಪನ್ ಹಾಕ್ಕೊಂಡು ಮನೆ ಬಿಟ್ಟವಳು ಅದನ್ನ ತೆಗೆದಿದ್ದು ರಾತ್ರಿ ಎಂಟಕ್ಕೆ. ಹದಿಮೂರೂವರೆ ಗಂಟೆ. ಲೀಕ್ ಆಗದೇ ಇರಲಿ ಅಂತ ಇದ್ದದ್ದರಲ್ಲೇ ದೊಡ್ಡ ಸೈಜ್ ಹಾಕಿದ್ದೆ. ಒಂದು ಕಲೆ ಕೂಡ ಆಗಲಿಲ್ಲ. ಬಸ್ಸಲ್ಲಿ ವಾಪಸ್ ಬರ್ತಾ 'ಎಂಥಾ ಒಳ್ಳೇ ವಸ್ತು ಇದು' ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ವಾರ ಆದ್ಮೇಲೆ ಡಬ್ಬಿ ಖಾಲಿಯಾಯ್ತು. ಎಸೆಯೋ ಮುಂಚೆ ಒಳಗಿದ್ದ ಮಡಚಿದ ಕಾಗದ ಬಿಡಿಸಿ ಓದಿದೆ. ಎಂಟು ಗಂಟೆಗಿಂತ ಜಾಸ್ತಿ ಹೊತ್ತು ಇಟ್ಟುಕೊಳ್ಳಬಾರದು ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಅದರ ಕೆಳಗೆ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಅನ್ನೋ ಹೆಸರು. ಗೂಗಲ್ ಮಾಡಿದೆ. ಕೈ ನಡುಗಿತು. ನನಗೇನೂ ಆಗಲಿಲ್ಲ. ಆದ್ರೆ ಅದು ಅದೃಷ್ಟ ಅಷ್ಟೇ, ನನ್ನ ಜಾಣತನ ಅಲ್ಲ.

ಹಾಗಾಗಿ ಯಾವುದು ಒಳ್ಳೇದು ಅನ್ನೋ ಪ್ರಶ್ನೆಗೆ ಮುಂಚೆ ಎರಡೂ ಹೇಗೆ ಕೆಲಸ ಮಾಡ್ತಾವೆ ನೋಡೋಣ.

ಒಂದು ಹೀರತ್ತೆ, ಇನ್ನೊಂದು ಹಿಡಿಯತ್ತೆ

ಟ್ಯಾಂಪನ್ ಅಂದ್ರೆ ಹತ್ತಿ ಅಥವಾ ರೇಯಾನ್ ಅನ್ನು ಒತ್ತಿ ಮಾಡಿದ ಒಂದು ಬತ್ತಿ. ಹೆಬ್ಬೆರಳಿನಷ್ಟು ಇರತ್ತೆ. ಯೋನಿಯೊಳಗೆ ಹಾಕಿದ್ರೆ ರಕ್ತ ಹೀರಿಕೊಂಡು ಉಬ್ಬತ್ತೆ. ಹೊರಗೆ ಒಂದು ದಾರ ನೇತಾಡತ್ತೆ, ಅದನ್ನ ಹಿಡಿದು ಎಳೆದು ತೆಗೆಯಬೇಕು. ಒಂದು ಸಲ ಬಳಸಿ ಬಿಸಾಡೋದು.

ಕಪ್ ಅಂದ್ರೆ ಮೆತ್ತಗಿನ ಗಂಟೆ ಆಕಾರದ ಬಟ್ಟಲು. ಹೆಚ್ಚಿನವು ಮೆಡಿಕಲ್ ಗ್ರೇಡ್ ಸಿಲಿಕೋನ್‌ನವು. ಮಡಚಿ ಒಳಗೆ ಹಾಕಿದ್ರೆ ಅಲ್ಲಿ ಬಿಚ್ಚಿಕೊಂಡು ಗೋಡೆಗೆ ಅಂಟಿ ಕೂರತ್ತೆ. ರಕ್ತವನ್ನ ಹೀರಲ್ಲ, ಹಿಡಿದಿಟ್ಟುಕೊಳ್ಳತ್ತೆ. ತೆಗೆದು, ಚೆಲ್ಲಿ, ತೊಳೆದು ಮತ್ತೆ ಹಾಕ್ಕೋಬೇಕು. ಚೆನ್ನಾಗಿ ನೋಡಿಕೊಂಡ್ರೆ ವರ್ಷಗಟ್ಟಲೆ ಬಾಳಿಕೆ ಬರತ್ತೆ, ಕೆಲವು ಕಂಪನಿಗಳು ಹತ್ತು ವರ್ಷ ಅಂತಾವೆ.

ಎರಡೂ ಹೊಸ ಫ್ಯಾಷನ್ ಅಂದ್ಕೋಬೇಡಿ. ಈಗಿನ ರೂಪದ ಟ್ಯಾಂಪನ್‌ಗೆ ಅಮೆರಿಕದ ಡಾಕ್ಟರ್ ಅರ್ಲ್ ಹಾಸ್ ಪೇಟೆಂಟ್ ಪಡೆದಿದ್ದು 1933ರಲ್ಲಿ. ಕಪ್‌ಗೆ ಅಲ್ಲಿನ ನಟಿ ಲಿಯೋನಾ ಚಾಲ್ಮರ್ಸ್ ಪೇಟೆಂಟ್ ಪಡೆದಿದ್ದು 1937ರಲ್ಲಿ. ಅವರ ಕಪ್ ರಬ್ಬರಿನದು. ಎರಡನೇ ಮಹಾಯುದ್ಧ ಬಂತು, ರಬ್ಬರ್ ಸಿಗದೇ ಹೋಯ್ತು, ಕಪ್ ಹಿಂದೆ ಬಿತ್ತು. ಅಂದ್ರೆ ಇವೆರಡೂ ನಮ್ಮ ಅಜ್ಜಿಯರ ಕಾಲದವು, ನಮ್ಮ ತನಕ ಬಂದಿದ್ದು ಮಾತ್ರ ಈಗ.

ಬಂದಿವೆ ಅಂದ್ರೂ ಎಷ್ಟು ಜನಕ್ಕೆ? 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 24 ವರ್ಷದ ಹೆಣ್ಮಕ್ಕಳಲ್ಲಿ ಶೇ 64ರಷ್ಟು ಜನ ಪ್ಯಾಡ್ ಬಳಸ್ತಾರೆ, ಅರ್ಧದಷ್ಟು ಜನ ಬಟ್ಟೆಯನ್ನೂ ಬಳಸ್ತಾರೆ. ಟ್ಯಾಂಪನ್, ಕಪ್ ಬಳಸೋರು ತೀರಾ ಕಡಿಮೆ. ಕೇಳೋಕೆ ಅಕ್ಕಪಕ್ಕದಲ್ಲಿ ಯಾರೂ ಇಲ್ಲ ಅನ್ನಿಸಿದ್ರೆ ಅದು ನಿಮ್ಮ ತಪ್ಪಲ್ಲ.

ಎಂಟು ಗಂಟೆ, ಹನ್ನೆರಡು ಗಂಟೆ

ಈ ಸಂಚಿಕೆಯಲ್ಲಿ ಎರಡೇ ಅಂಕಿ ನೆನಪಿಟ್ಟುಕೊಂಡ್ರೂ ಸಾಕು.

ಟ್ಯಾಂಪನ್ ಅನ್ನು 4ರಿಂದ 8 ಗಂಟೆಯೊಳಗೆ ಬದಲಿಸಬೇಕು. 8 ಗಂಟೆ ಮೀರಬಾರದು. ರಾತ್ರಿ ಹತ್ತಕ್ಕೆ ಹಾಕಿ ಭಾನುವಾರ ಅಂತ ಒಂಬತ್ತರ ತನಕ ಮಲಗಿದ್ರೆ ಲೆಕ್ಕ ತಪ್ತು.

ಕಪ್ ಅನ್ನು ಹೆಚ್ಚೆಂದರೆ 12 ಗಂಟೆ ಇಟ್ಟುಕೋಬಹುದು. ಸ್ರಾವ ಜಾಸ್ತಿ ಇರೋ ದಿನ ಅದಕ್ಕಿಂತ ಮುಂಚೆಯೇ ತುಂಬಬಹುದು.

ಈ ಗಡುವು ಲೀಕ್ ಆಗತ್ತೆ ಅಂತ ಇಟ್ಟಿದ್ದಲ್ಲ. ನಾನು ಗೋಡೌನ್‌ನಲ್ಲಿ ಮಾಡಿದ ತಪ್ಪೇ ಇದು, ಲೀಕ್ ಆಗಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂದ್ಕೊಂಡಿದ್ದು. ಸ್ಟ್ಯಾಫಿಲೋಕಾಕಸ್ ಆರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಎಷ್ಟೋ ಜನರ ಮೂಗಿನಲ್ಲಿ, ಚರ್ಮದ ಮೇಲೆ ತೊಂದರೆ ಕೊಡದೆ ಇರತ್ತೆ. ಕೆಲವರಲ್ಲಿ, ಅನುಕೂಲ ಸಿಕ್ಕಾಗ, ಅದು ಒಂದು ವಿಷ ಉತ್ಪತ್ತಿ ಮಾಡತ್ತೆ. ಆ ವಿಷ ರಕ್ತ ಸೇರಿದ್ರೆ ಟಾಕ್ಸಿಕ್ ಶಾಕ್ ಸಿಂಡ್ರೋಮ್.

ಇದು ಜಗತ್ತಿನ ಗಮನಕ್ಕೆ ಬಂದಿದ್ದು 1980ರಲ್ಲಿ, ಅಮೆರಿಕದಲ್ಲಿ. ಆಗ ಮಾರುಕಟ್ಟೆಯಲ್ಲಿ ಜಾಸ್ತಿ ಹೀರೋ ಟ್ಯಾಂಪನ್‌ಗಳ ಪೈಪೋಟಿ ನಡೀತಿತ್ತು. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ 'ರಿಲೈ' ಅನ್ನೋ ಬ್ರ್ಯಾಂಡ್ ಹತ್ತಿ ಬಿಟ್ಟು ಬೇರೆ ಕೃತಕ ವಸ್ತು ಬಳಸಿತ್ತು, ವಿಪರೀತ ಹೀರ್ತಿತ್ತು. ನೂರಾರು ಹೆಣ್ಮಕ್ಕಳು ಕಾಯಿಲೆ ಬಿದ್ರು, ಸಾವುಗಳೂ ಆದವು. ಆ ಸೆಪ್ಟೆಂಬರ್‌ನಲ್ಲಿ ಕಂಪನಿ ರಿಲೈಯನ್ನು ವಾಪಸ್ ತಗೊಂಡಿತು. ಇವತ್ತು ಡಬ್ಬಿ ಮೇಲೆ ರೆಗ್ಯುಲರ್, ಸೂಪರ್ ಅಂತೆಲ್ಲ ಇರತ್ತಲ್ಲ, ಅಮೆರಿಕದಲ್ಲಿ ಅದಕ್ಕೊಂದು ನಿಗದಿತ ಅಳತೆ ಬಂದಿದ್ದು ಈ ಘಟನೆ ಆದಮೇಲೆಯೇ. ರೆಗ್ಯುಲರ್ ಅಂದ್ರೆ 6ರಿಂದ 9 ಗ್ರಾಂ ಹೀರೋದು, ಸೂಪರ್ ಅಂದ್ರೆ 9ರಿಂದ 12 ಗ್ರಾಂ. ಎಷ್ಟು ಬೇಕೋ ಅಷ್ಟು ಮಾತ್ರ ಹೀರೋ ಚಿಕ್ಕದನ್ನೇ ಬಳಸಿ ಅಂತ ಡಾಕ್ಟರ್‌ಗಳು ಹೇಳೋದೂ ಇದಕ್ಕೇ. ಬಿಡುವಿಲ್ಲ ಅಂತ ದೊಡ್ಡದು ಹಾಕಿ ಜಾಸ್ತಿ ಹೊತ್ತು ಇಟ್ಟುಕೊಳ್ಳೋದು, ಅಂದ್ರೆ ನಾನು ಮಾಡಿದ್ದು, ಸರಿಯಾಗಿ ಉಲ್ಟಾ.

ಹೆದರಿಸೋಕೆ ಹೇಳ್ತಿಲ್ಲ. ಇದು ತುಂಬಾ ಅಪರೂಪ. ಕಪ್ ಬಳಸಿದೋರಲ್ಲೂ ಆಗಿರೋದು ದಾಖಲಾಗಿದೆ, ಆದ್ರೆ ಬೆರಳೆಣಿಕೆಯಷ್ಟು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಒಂದು ಪರಿಶೀಲನೆ 43 ಅಧ್ಯಯನಗಳನ್ನ, ಸುಮಾರು 3,300 ಮಂದಿಯ ಅನುಭವವನ್ನ ಒಟ್ಟಿಗೆ ಇಟ್ಟು ನೋಡಿತು. ಅದರಲ್ಲಿ ಕಪ್‌ಗೆ ಸಂಬಂಧಿಸಿ ಸಿಕ್ಕಿದ್ದು ಇಂಥ ಐದು ಪ್ರಕರಣ. ಲೀಕ್ ವಿಷಯದಲ್ಲಿ ಕಪ್ ಬೇರೆಯವುಗಳಷ್ಟೇ ಅಥವಾ ಅವಕ್ಕಿಂತ ವಾಸಿ ಅಂತ ಕೂಡ ಅದು ಹೇಳಿತು.

ಲಕ್ಷಣಗಳನ್ನ ಮಾತ್ರ ತಿಳ್ಕೊಂಡಿರಿ. ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ ಅಥವಾ ಭೇದಿ, ಬಿಸಿಲಿಗೆ ಸುಟ್ಟ ಹಾಗೆ ಮೈ ಕೆಂಪಾಗೋದು, ತಲೆ ತಿರುಗಿ ಬೀಳೋ ಹಾಗಾಗೋದು. ಮುಟ್ಟಿನ ದಿನಗಳಲ್ಲಿ ಹೀಗಾದ್ರೆ ಟ್ಯಾಂಪನ್ನೋ ಕಪ್ಪೋ ತಕ್ಷಣ ತೆಗೀರಿ, ಆಸ್ಪತ್ರೆಗೆ ಹೋಗಿ, ಅಲ್ಲಿ ನಾಚಿಕೆ ಬಿಟ್ಟು 'ನಾನು ಇದನ್ನ ಬಳಸ್ತಿದ್ದೆ' ಅಂತ ಹೇಳಿ. ಆ ಒಂದು ಮಾತು ಹೇಳದೇ ಇದ್ರೆ ಡಾಕ್ಟರ್‌ಗೂ ಹೊಳೆಯೋದು ಕಷ್ಟ.

ಹಾಲಿನ ಪಾತ್ರೆ ಜಗಳ

ಟ್ಯಾಂಪನ್ ಹೆದರಿಕೆ ಆದ್ಮೇಲೆ ಕಪ್ ತರಿಸಿದೆ. ಮೊದಲ ತಿಂಗಳು ದೊಡ್ಡ ರಂಪ.

ಆಗ ವಿಜಯನಗರದ ಒಂದು ಪಿಜಿಯಲ್ಲಿದ್ದೆ. ಫ್ಲೋರ್‌ಗೆ ಒಂದೇ ಬಾತ್‌ರೂಮ್. ಬೆಳಗ್ಗೆ ಆರು ಗಂಟೆಗೆ ಒಳಗೆ ಹೋಗಿ ಕಪ್ ತೆಗೆಯೋಕೆ ನೋಡ್ತೀನಿ, ಬರ್ತಿಲ್ಲ. ಹೊರಗಡೆ ಮೂರು ಜನ ಬಕೆಟ್ ಹಿಡ್ಕೊಂಡು ಬಾಗಿಲು ಬಡೀತಿದಾರೆ. ಗಾಬರಿ ಆದಷ್ಟೂ ಸ್ನಾಯು ಬಿಗಿಯಾಗತ್ತೆ, ಕಪ್ ಇನ್ನೂ ಮೇಲೆ ಹೋಗತ್ತೆ. ಅದು ಹೊಟ್ಟೆಯೊಳಗೆ ಎಲ್ಲೋ ಹೋಗಿ ಸೇರ್ಕೊಂಡುಬಿಡ್ತು ಅಂತ ಅಳೋಕೇ ಶುರು ಮಾಡಿದ್ದೆ.

ಹಾಗೆ ಆಗೋಕೆ ಸಾಧ್ಯವೇ ಇಲ್ಲ. ಯೋನಿ ಮೇಲ್ಗಡೆ ಗರ್ಭಕೋಶದ ಕಂಠದ ಹತ್ತಿರ ಮುಗಿದುಹೋಗತ್ತೆ. ಕಂಠದಲ್ಲಿರೋ ರಂಧ್ರ ತೀರಾ ಸಣ್ಣದು. ರಕ್ತ ಬರಬಹುದು, ಕಪ್ಪಾಗಲಿ ಟ್ಯಾಂಪನ್ನಾಗಲಿ ಮೇಲೆ ಹೋಗೋಕಾಗಲ್ಲ. ಹಾಗಾಗಿ ಕಳೆದುಹೋಗೋ ಮಾತೇ ಇಲ್ಲ.

ತೆಗೆಯೋ ರೀತಿ ಹೀಗೆ: ಕುಕ್ಕರಗಾಲಲ್ಲಿ ಕೂತ್ಕೊಳ್ಳಿ. ಇಂಡಿಯನ್ ಟಾಯ್ಲೆಟ್ ಇದ್ರೆ ಇನ್ನೂ ಸುಲಭ. ಎರಡನೇದಕ್ಕೆ ಹೋಗುವಾಗ ಮುಕ್ಕೋ ಹಾಗೆ ಮೆತ್ತಗೆ ಮುಕ್ಕಿ, ಕಪ್ ಕೆಳಗೆ ಬರತ್ತೆ. ಬಾಲ ಹಿಡಿದು ಎಳೀಬೇಡಿ. ಬುಡವನ್ನ ಎರಡು ಬೆರಳಲ್ಲಿ ಒತ್ತಿದ್ರೆ ಅಂಟು ಬಿಡತ್ತೆ, ಆಮೇಲೆ ಆ ಕಡೆ ಈ ಕಡೆ ಅಲ್ಲಾಡಿಸ್ತಾ ತೆಗೀರಿ. ಹಾಕುವಾಗಲೂ ನೇರ ಮೇಲಕ್ಕೆ ತಳ್ಳಬೇಡಿ, ಬೆನ್ನಿನ ಬುಡದ ಕಡೆ ಓರೆಯಾಗಿ ತಳ್ಳಿ. ಬಿಚ್ಚಿಕೊಳ್ತಾ ಅಂತ ಬೆರಳಾಡಿಸಿ ನೋಡಿ. ಸರಿಯಾಗಿ ಬಿಚ್ಚದೇ ಇರೋದೇ ಲೀಕ್‌ಗೆ ಮುಖ್ಯ ಕಾರಣ. ಉಗುರು ಸಣ್ಣದಾಗಿರಲಿ, ಮೊದಲೂ ಆಮೇಲೂ ಕೈ ಸೋಪಲ್ಲಿ ತೊಳೀರಿ.

ಟ್ಯಾಂಪನ್ ಇದಕ್ಕಿಂತ ಸುಲಭ. ಬೆರಳಲ್ಲೋ ಜೊತೆಗೆ ಬರೋ ಕೊಳವೆಯಲ್ಲೋ ಒಳಗೆ ತಳ್ಳೋದು, ಅಷ್ಟೇ. ಒತ್ತಿದ ಹಾಗೆ ಅನ್ನಿಸಿದ್ರೆ ಇನ್ನೂ ಸ್ವಲ್ಪ ಒಳಗೆ ಹೋಗಬೇಕು ಅಂತ ಅರ್ಥ. ಸ್ರಾವ ಕಡಿಮೆ ಇರೋ ದಿನ ಬಳಸಬೇಡಿ. ಒಣಗಿದ್ದನ್ನ ಎಳೆದ್ರೆ ಉರಿಯತ್ತೆ. ಬಿಳಿ ಸೆರಗಿಗೂ ಬಳಸೋ ಹಾಗಿಲ್ಲ.

ಇನ್ನೊಂದು ಸಂಗತಿ. ಇವನ್ನ ಹಾಕ್ಕೊಂಡು ಮೂತ್ರ ಮಾಡಬಹುದಾ ಅಂತ ನನ್ನನ್ನ ಕೇಳಿದೋರು ಎಷ್ಟೋ ಜನ. ಮಾಡಬಹುದು. ಮೂತ್ರದ ದಾರಿ ಬೇರೆ, ಮುಟ್ಟಿನ ದಾರಿ ಬೇರೆ. ನಮ್ಮ ಮೈಯ ನಕ್ಷೆ ನಮಗೇ ಗೊತ್ತಿಲ್ಲದ ಹಾಗೆ ಬೆಳೆಸಿದಾರೆ, ಏನ್ ಮಾಡೋದು.

ಮೂರನೇ ತಿಂಗಳಿಗೆ ಕಪ್ ಕೈಗೆ ಹತ್ತಿತು. ಲ್ಯಾನ್ಸೆಟ್ ಪರಿಶೀಲನೆ ಕೂಡ ಅದನ್ನೇ ಹೇಳತ್ತೆ, ರೂಢಿ ಆಗೋಕೆ ಕೆಲವು ತಿಂಗಳು ಬೇಕು. ಅಲ್ಲಿಯ ತನಕ ಒಂದು ಪ್ಯಾಡ್ ಜೊತೆಗಿರಲಿ.

ಆಮೇಲೆ ದೀಪಾವಳಿಗೆ ಹಾಸನಕ್ಕೆ ಹೋದೆ. ಮುಟ್ಟು ಮುಗೀತು. ಪ್ರತಿ ತಿಂಗಳ ಮುಟ್ಟಿನ ನಡುವೆ ಕಪ್ ಅನ್ನು ಕುದಿಯೋ ನೀರಲ್ಲಿ ಐದು ನಿಮಿಷ ಹಾಕಿ ತೆಗೆಯಬೇಕು. ಅಡುಗೆಮನೇಲಿ ಸಿಕ್ಕಿದ ಪಾತ್ರೆಗೆ ನೀರಿಟ್ಟು ಕಪ್ ಹಾಕಿದೆ. ಅಮ್ಮ ಬಂದ್ರು.

"ಏನೇ ಅದು?"

ಹೇಳಿದೆ.

"ಹಾಲು ಕಾಯಿಸೋ ಪಾತ್ರೇಲಾ? ಹಬ್ಬದ ದಿನ! ನಿನಗೇನಾದ್ರೂ ಬುದ್ಧಿ ಇದೆಯಾ?"

ನಾನು ಬಾಯಿಗೆ ಬಂದಿದ್ದೆಲ್ಲ ಅಂದೆ. ಕುದಿಸಿದ್ರೆ ಕ್ರಿಮಿ ಸಾಯತ್ತೆ, ಸಿಲಿಕೋನ್ ಮಗು ಬಾಟ್ಲಿ ನಿಪ್ಪಲ್‌ಗೂ ಬಳಸ್ತಾರೆ, ಇದೆಲ್ಲ ಮೂಢನಂಬಿಕೆ ಅಂತ. ಅಮ್ಮ ಒಂದೂ ಮಾತಾಡದೆ ಆ ಪಾತ್ರೆನ ಹಿತ್ತಲಿಗೆ ತಗೊಂಡು ಹೋಗಿ ಇಟ್ಟುಬಿಟ್ರು. ಎರಡು ದಿನ ನಮ್ಮಿಬ್ಬರಿಗೂ ಮಾತಿಲ್ಲ.

ಈಗ ಯೋಚಿಸಿದ್ರೆ, ಅಮ್ಮ ಹೇಳಿದ್ದರಲ್ಲಿ ಒಂದು ಸರಿ ಇತ್ತು. ಕಪ್‌ಗೆ ಬೇರೆ ಪಾತ್ರೆ ಇಡಿ ಅಂತ ಎಲ್ಲರೂ ಹೇಳ್ತಾರೆ. ನಾನು ಸ್ಟವ್ ಇದೆ, ನೀರಿದೆ ಅಂತ ಮಾತ್ರ ನೋಡಿದ್ದೆ. ಆ ಅಡುಗೆಮನೆ ನನ್ನೊಬ್ಬಳದಲ್ಲ ಅನ್ನೋದನ್ನ ನೋಡಿರಲಿಲ್ಲ.

ನನ್ನ ಮಟ್ಟಿಗೆ ವ್ಯತ್ಯಾಸ ಇಲ್ಲೇ ಇದೆ. ಟ್ಯಾಂಪನ್‌ಗೆ ಬೇಕಿರೋದು ಹಗಲು ಹೊತ್ತಲ್ಲಿ ಒಂದು ಟಾಯ್ಲೆಟ್. ಎಂಟು ಗಂಟೆಯೊಳಗೆ ಬದಲಿಸೋಕೆ ಒಂದು ಬಾಗಿಲು, ಒಂದು ಕಸದ ಡಬ್ಬಿ. ಕಪ್‌ಗೆ ಬೇಕಿರೋದು ಮನೇಲಿ ಜಾಗ. ಬೆಳಗ್ಗೆ ಮತ್ತು ರಾತ್ರಿ ಯಾರೂ ಬಾಗಿಲು ಬಡಿಯದ ಹತ್ತು ನಿಮಿಷ, ನೀರು, ತಿಂಗಳಿಗೊಮ್ಮೆ ಒಂದು ಪಾತ್ರೆ. ನಾನು ಗೋಡೌನ್‌ಗೆ ಕಪ್ ಹಾಕ್ಕೊಂಡು ಹೋಗಿದ್ದಿದ್ರೆ ಹನ್ನೆರಡು ಗಂಟೆಯ ತನಕ ಚಿಂತೆ ಇರ್ತಿರಲಿಲ್ಲ. ಹಾಸನದ ಮನೇಲಿ ಟ್ಯಾಂಪನ್ ಬಳಸಿದ್ದಿದ್ರೆ ಜಗಳವೇ ಆಗ್ತಿರಲಿಲ್ಲ.

ಕೇರಳದ ಎರ್ನಾಕುಲಂ ಜಿಲ್ಲೆಯ ಕುಂಬಳಂಗಿ ಊರು ಕೇಳಿದೀರಾ? ಊರಿನ ಹೆಣ್ಮಕ್ಕಳಿಗೆ ಸಾವಿರಾರು ಕಪ್ ಹಂಚಿ 2022ರ ಜನವರಿಯಲ್ಲಿ ಅದನ್ನ ಪ್ಯಾಡ್ ಮುಕ್ತ ಪಂಚಾಯಿತಿ ಅಂತ ಘೋಷಿಸಿದ್ರು. ಅದೇ ವರ್ಷ ನಮ್ಮ ಆರೋಗ್ಯ ಇಲಾಖೆ ಕೂಡ ಶುಚಿ ಯೋಜನೆಯಡಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ ವಿದ್ಯಾರ್ಥಿನಿಯರಿಗೆ ಮುಟ್ಟಿನ ಕಪ್ ಕೊಡೋ ಪ್ರಯೋಗ ಶುರು ಮಾಡಿತು. ಒಳ್ಳೇ ಕೆಲಸ. ಆದ್ರೆ ಕಪ್ ಕೈಗೆ ಕೊಟ್ರೆ ಅರ್ಧ ಕೆಲಸ ಆದ ಹಾಗೆ. ಅದನ್ನ ಕುದಿಸೋಕೆ ಮನೇಲಿ ಒಂದು ಪಾತ್ರೆ ಸಿಗಬೇಕು, ಸಿಕ್ಕಿಹಾಕಿಕೊಂಡಾಗ 'ಕುಕ್ಕರಗಾಲಲ್ಲಿ ಕೂತ್ಕೋ, ಹೆದರಬೇಡ' ಅನ್ನೋಕೆ ಒಬ್ಬ ಅಕ್ಕ ಇರಬೇಕು.

ಬಿಕಾಂ ಲೆಕ್ಕ

ಈಗ ನನ್ನ ಸಬ್ಜೆಕ್ಟ್. ಇಲ್ಲಿ ಬೆಲೆಗಳು ಲೆಕ್ಕಕ್ಕೆ ಇಟ್ಟುಕೊಂಡಿದ್ದು, ನಿಮ್ಮ ಊರಿನ ಮೆಡಿಕಲ್ ಸ್ಟೋರ್ ಬೆಲೆ ಹಾಕಿ ನೀವೇ ಮಾಡಿ ನೋಡಿ.

ದಿನಕ್ಕೆ ನಾಲ್ಕು, ಐದು ದಿನ. ತಿಂಗಳಿಗೆ 20. ಮುಟ್ಟು 28 ದಿನಕ್ಕೊಮ್ಮೆ ಬಂದ್ರೆ ವರ್ಷಕ್ಕೆ 13 ಸಲ. ಅಂದ್ರೆ ವರ್ಷಕ್ಕೆ 260. ಒಂದು ಟ್ಯಾಂಪನ್ 12 ರೂಪಾಯಿ ಅಂದ್ರೆ 3,120 ರೂಪಾಯಿ. ಒಂದು ಪ್ಯಾಡ್ 8 ರೂಪಾಯಿ ಅಂದ್ರೆ 2,080. ಕಪ್ 500 ರೂಪಾಯಿದು ತಗೊಂಡು ಐದು ವರ್ಷ ಬಳಸಿದ್ರೆ ವರ್ಷಕ್ಕೆ 100.

ಟ್ಯಾಂಪನ್‌ನಿಂದ ಕಪ್‌ಗೆ ಬಂದೋರಿಗೆ ಮೂರನೇ ತಿಂಗಳಲ್ಲೇ ಕಪ್ ದುಡ್ಡು ವಾಪಸ್ ಬಂತು. ಪ್ಯಾಡ್‌ನಿಂದ ಬಂದೋರಿಗೆ ನಾಲ್ಕನೇ ತಿಂಗಳು. ಕ್ಲಾಸಲ್ಲಿ ಓದಿದ ಭಾಷೇಲಿ ಹೇಳೋದಾದ್ರೆ ಕಪ್ ಕ್ಯಾಪಿಟಲ್ ಎಕ್ಸ್‌ಪೆಂಡಿಚರ್, ಟ್ಯಾಂಪನ್ ರೆವೆನ್ಯೂ ಎಕ್ಸ್‌ಪೆಂಡಿಚರ್.

ಲೆಕ್ಕದಲ್ಲಿ ಕಪ್ ಗೆದ್ದುಬಿಡ್ತಲ್ಲ? ಸ್ವಲ್ಪ ತಡೀರಿ. ತಿಂಗಳಿಗೆ 160 ರೂಪಾಯಿ ಹೊಂದಿಸೋ ಹುಡುಗಿ ಹತ್ರ ಒಂದೇ ಸಲ 500 ಇರಲೇಬೇಕು ಅಂತೇನಿಲ್ಲ. ಸೈಜ್ ಹೊಂದಲಿಲ್ಲ ಅಂದ್ರೆ ಬಳಸಿದ ಕಪ್ ಅನ್ನು ಯಾರೂ ವಾಪಸ್ ತಗೊಳ್ಳಲ್ಲ, ಆ 500 ಹೋಯ್ತು. ಟ್ಯಾಂಪನ್ ಹೊಂದಲಿಲ್ಲ ಅಂದ್ರೆ ನಷ್ಟ ಒಂದು ಸಣ್ಣ ಡಬ್ಬಿ ಅಷ್ಟೇ. ಬ್ಯಾಲೆನ್ಸ್ ಶೀಟ್‌ನಲ್ಲಿ ರಿಸ್ಕ್ ಕಾಣಲ್ಲ, ಆದ್ರೆ ಇರತ್ತೆ.

ಪ್ಯಾಡ್ ಮತ್ತು ಟ್ಯಾಂಪನ್ ಮೇಲಿದ್ದ ಶೇ 12 ಜಿಎಸ್‌ಟಿಯನ್ನ 2018ರ ಜುಲೈನಲ್ಲಿ ತೆಗೆದುಹಾಕಿದ್ರು. ಆದ್ರೂ ಬೆಲೆ ಪೂರ್ತಿ 12ರಷ್ಟು ಯಾಕೆ ಇಳಿಯಲಿಲ್ಲ ಅಂತ ಕೇಳ್ತಾರೆ. ಮಾರೋ ವಸ್ತುವಿಗೆ ತೆರಿಗೆ ವಿನಾಯಿತಿ ಇದ್ರೆ, ಕಚ್ಚಾವಸ್ತುವಿಗೆ ಕಟ್ಟಿದ ತೆರಿಗೆಯನ್ನ ತಯಾರಕರು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯೋಕಾಗಲ್ಲ. ಅದು ಬೆಲೆಯೊಳಗೇ ಉಳಿಯತ್ತೆ.

ಕಸದ ಲೆಕ್ಕವೂ ಇದೆ. ವರ್ಷಕ್ಕೆ 260 ಅಂದ್ನಲ್ಲ, ಅಷ್ಟೂ ಎಲ್ಲಿಗೆ ಹೋಗತ್ತೆ? ಬೆಂಗಳೂರಲ್ಲಿ ಇದನ್ನ ಪೇಪರಲ್ಲಿ ಸುತ್ತಿ ಕೆಂಪು ಡಬ್ಬಿಗೆ ಹಾಕಬೇಕು. ಸುತ್ತದೆ ಹಾಕಿದ್ರೆ ಅದನ್ನ ಬರಿಗೈಯಲ್ಲಿ ಬೇರೆ ಮಾಡೋದು ಇನ್ನೊಬ್ಬ ಹೆಣ್ಣುಮಗಳೇ. ಟ್ಯಾಂಪನ್ ಚಿಕ್ಕದು ಅಂತ ಕಮೋಡ್‌ಗೆ ಹಾಕಿ ಫ್ಲಶ್ ಮಾಡಬೇಡಿ, ಪೈಪ್ ಕಟ್ಟಿಕೊಳ್ಳತ್ತೆ. ಈ ವಿಷಯದಲ್ಲಿ ಕಪ್‌ಗೆ ಸಾಟಿ ಇಲ್ಲ.

ಕಪ್‌ನಿಂದ ಇನ್ನೊಂದು ಲಾಭ. ಕೆಲವು ಕಪ್ ಮೇಲೆ ಅಳತೆ ಗೆರೆ ಇರತ್ತೆ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗೋದು 30ರಿಂದ 40 ಮಿಲಿಲೀಟರ್ ರಕ್ತ. 80 ದಾಟಿದ್ರೆ ಜಾಸ್ತಿ ಅಂತ ವೈದ್ಯರು ಪರಿಗಣಿಸ್ತಾರೆ. ನನ್ನ ಕಪ್ ಸುಮಾರು 25 ಮಿಲಿಲೀಟರ್‌ದು. ನನ್ನ ಒಬ್ಬ ಫ್ರೆಂಡ್‌ಗೆ ಅಂಥದ್ದೇ ಕಪ್ ದಿನಕ್ಕೆ ಮೂರು ಸಲ ತುಂಬ್ತಿತ್ತು. 'ನಮ್ಮ ಮನೇಲಿ ಎಲ್ಲರಿಗೂ ಹೀಗೇ' ಅಂತ ಸುಮ್ನಿದ್ದವಳು ಈ ಅಂಕಿ ಹಿಡ್ಕೊಂಡು ಡಾಕ್ಟರ್ ಹತ್ರ ಹೋದ್ಲು. ರಕ್ತಹೀನತೆ ಇತ್ತು. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಜನಕ್ಕೆ ರಕ್ತಹೀನತೆ ಇದೆ. 'ಜಾಸ್ತಿ ಹೋಗತ್ತೆ' ಅನ್ನೋದಕ್ಕಿಂತ 'ಇಷ್ಟು ಹೋಗತ್ತೆ' ಅಂದ್ರೆ ಡಾಕ್ಟರ್ ಬೇಗ ಕಿವಿಗೊಡ್ತಾರೆ.

ಕೇಳೋಕೆ ಹಿಂಜರಿಯೋ ಪ್ರಶ್ನೆ

"ಮದುವೆ ಆಗದೋರು ಬಳಸಬಹುದಾ?" ಪೂರ್ತಿ ಪ್ರಶ್ನೆ ಏನು ಅಂತ ನಮಗೆಲ್ಲ ಗೊತ್ತು.

ಬಳಸಬಹುದು. ಕನ್ಯಾಪೊರೆ ಅನ್ನೋದು ಮುಚ್ಚಳ ಅಲ್ಲ. ಮುಚ್ಚಳ ಆಗಿದ್ದಿದ್ರೆ ಮುಟ್ಟಿನ ರಕ್ತ ಹೊರಗೆ ಬರ್ತಾನೇ ಇರ್ತಿರಲಿಲ್ಲ. ಅದು ಯೋನಿಯ ಬಾಯಿಯ ಸುತ್ತ ಇರೋ, ಹಿಗ್ಗುವ ತೆಳು ಅಂಚು. ಒಬ್ಬೊಬ್ಬರಲ್ಲಿ ಒಂದೊಂದು ಆಕಾರ. ಕಪ್ಪೋ ಟ್ಯಾಂಪನ್ನೋ ಹಾಕಿದಾಗ ಹಿಗ್ಗಬಹುದು, ಕೆಲವರಲ್ಲಿ ಸ್ವಲ್ಪ ಹರಿಯಲೂಬಹುದು. ಆಟ ಆಡುವಾಗಲೂ ಹಾಗಾಗಬಹುದು. ಅದನ್ನ ನೋಡಿ ಹುಡುಗಿ ಯಾರ ಜೊತೆಗಾದ್ರೂ ಇದ್ಲಾ ಇಲ್ವಾ ಅಂತ ಹೇಳೋಕೆ ಯಾವ ಡಾಕ್ಟರಿಗೂ ಆಗಲ್ಲ. ಆ ಹೆಸರಲ್ಲಿ ಮಾಡ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನ ಅತ್ಯಾಚಾರ ಪ್ರಕರಣಗಳಲ್ಲಿ ಮಾಡಲೇಬಾರದು ಅಂತ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಟುವಾಗಿ ಹೇಳಿತು, ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ.

ವಿಜ್ಞಾನ ಹಾಗೆ ಹೇಳಿದ ಮಾತ್ರಕ್ಕೆ ನಿಮ್ಮ ಮನೆಯ ಭಯ ಹೋಗಲ್ಲ ಅನ್ನೋದೂ ನನಗೆ ಗೊತ್ತು. ಹೊರಗಿನವರು ಯಾರೂ ನಿಮ್ಮನ್ನ ಒತ್ತಾಯ ಮಾಡೋ ಹಾಗಿಲ್ಲ. ಪ್ಯಾಡ್ ಸಾಕು ಅನ್ನಿಸಿದ್ರೆ ಪ್ಯಾಡ್ ಸಾಕು. ಆದ್ರೆ ಬೇಡ ಅನ್ನೋದಾದ್ರೆ ಅದು ಸರಿಯಾದ ಮಾಹಿತಿ ತಿಳಿದು ಬೇಡ ಅನ್ನಿ.

ಹಾಗಾದ್ರೆ ಯಾರಿಗೆ ಯಾವುದು?

ಹಗಲೆಲ್ಲ ಹೊರಗೆ ಇರೋರು, ಕೆಲಸದ ಜಾಗದಲ್ಲಿ ಒಳ್ಳೇ ಟಾಯ್ಲೆಟ್ ಇಲ್ಲ, ಆದ್ರೆ ಮನೇಲೋ ರೂಮಲ್ಲೋ ನೆಮ್ಮದಿಯಾಗಿ ಬಾಗಿಲು ಹಾಕ್ಕೋಬಹುದು: ಕಪ್.

ಹಾಸ್ಟೆಲ್‌ನಲ್ಲಿ ಕುದಿಸೋಕೆ ವ್ಯವಸ್ಥೆ ಇಲ್ಲ, ಬಾತ್‌ರೂಮಿಗೆ ಕ್ಯೂ, ಕಾಲೇಜಲ್ಲಿ ಟಾಯ್ಲೆಟ್ ಪರವಾಗಿಲ್ಲ: ಸದ್ಯಕ್ಕೆ ಟ್ಯಾಂಪನ್, ಫೋನಲ್ಲಿ ಅಲಾರಾಂ ಇಟ್ಟುಕೊಂಡು. ರಾತ್ರಿಗೆ ಪ್ಯಾಡ್.

ಈಜೋಕೆ, ಒಂದು ದಿನದ ಪಂದ್ಯಕ್ಕೆ, ಅಪರೂಪಕ್ಕೆ ಬೇಕು ಅನ್ನೋರು: ಟ್ಯಾಂಪನ್ ಸಾಕು. ನಾಲ್ಕು ದಿನಕ್ಕಾಗಿ ಕಪ್ ಕಲಿಯೋ ಕಷ್ಟ ಬೇಡ.

ಕಾಪರ್ ಟಿ, ನಮ್ಮ ಕಡೆ ವಂಕಿ ಅಂತಾರಲ್ಲ, ಅದನ್ನ ಹಾಕಿಸಿಕೊಂಡಿರೋರು ಡಾಕ್ಟರ್‌ನ ಕೇಳಿಯೇ ಕಪ್ ಬಳಸಿ. ಎಳೆಯುವಾಗ ಅದು ಜರುಗಿದ ಉದಾಹರಣೆಗಳಿವೆ. ಹೆರಿಗೆಯೋ ಗರ್ಭಪಾತವೋ ಆದ ಹೊಸತರಲ್ಲಿ, ಸೋಂಕು ಇದ್ದಾಗ, ಎರಡೂ ಬೇಡ. ರಬ್ಬರ್ ಅಲರ್ಜಿ ಇರೋರು ಕಪ್ ಯಾವುದರಿಂದ ಮಾಡಿದ್ದು ಅಂತ ಓದಿ ತಗೊಳ್ಳಿ. ಹಾಕುವಾಗ ತಡೆಯಲಾರದಷ್ಟು ನೋವಾದ್ರೆ ಹಲ್ಲು ಕಚ್ಚಿ ಮುಂದುವರಿಸಬೇಡಿ, ಅದಕ್ಕೂ ಡಾಕ್ಟರ್ ಇದಾರೆ.

ಮೆಸೇಜ್ ಮಾಡಿದ ಹುಡುಗಿಗೆ ನಾನು ವಾಪಸ್ ಕೇಳಿದ್ದು ಒಂದೇ. "ನಿಮ್ಮ ಹಾಸ್ಟೆಲ್ ಬಾತ್‌ರೂಮ್ ಹೇಗಿದೆ?" ಫ್ಲೋರ್‌ಗೆ ಎರಡು, ಹದಿನಾರು ಹುಡುಗೀರು, ಬೆಳಗ್ಗೆ ಏಳರ ತನಕ ಮಾತ್ರ ನೀರು ಅಂದ್ಲು. ಅಲ್ಲಿಗೆ ಅವಳಿಗೇ ಉತ್ತರ ಸಿಕ್ತು. ಕಪ್ ಆಮೇಲೆ ನೋಡ್ಕೋತೀನಿ ಅಕ್ಕಾ ಅಂದ್ಲು.

ಕೊನೆಗೆ ಅಮ್ಮನ ವಿಷಯ. ಯುಗಾದಿಗೆ ಊರಿಗೆ ಹೋದಾಗ ಬಚ್ಚಲುಮನೆಯ ಗೂಡಿನಲ್ಲಿ ಒಂದು ಪುಟ್ಟ ಸ್ಟೀಲ್ ಪಾತ್ರೆ ಇತ್ತು. ಹೊಸದು, ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. ಯಾರದ್ದು ಅಂತ ಕೇಳಿದೆ. ಅಮ್ಮ ಕಾಯಿ ತುರೀತಾ ತಲೆ ಎತ್ತದೇನೇ ಹೇಳಿದ್ರು, "ನಿಂದೇ. ಒಲೆ ಮೇಲೆ ಇಡೋವಾಗ ನಿಮ್ಮಜ್ಜಿ ಕಣ್ಣಿಗೆ ಬೀಳ್ದೇ ಇರೋ ಹಾಗೆ ನೋಡ್ಕೋ." ಸ್ವಲ್ಪ ಹೊತ್ತಾದ್ಮೇಲೆ ಇನ್ನೊಂದು ಮಾತು, ಇನ್ನೂ ಮೆಲ್ಲಗೆ: "ಅದು ಹಾಕ್ಕೊಂಡ್ರೆ ನಿಜವಾಗ್ಲೂ ಬಟ್ಟೆಗೆ ಏನೂ ಆಗಲ್ವಾ?"

ಅಮ್ಮನ್ನ ಕೇಳೋಕಾಗಲ್ಲ ಅಂದಿದ್ಲಲ್ಲ ಆ ಹುಡುಗಿ. ನಮ್ಮಮ್ಮನಿಗೂ ಇಷ್ಟು ವರ್ಷ ಕೇಳೋಕೆ ಯಾರೂ ಇರಲಿಲ್ಲ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಈ ಸಂಚಿಕೆನ ಒಬ್ಬರಿಗೆ ಕಳಿಸಿ. ತಂಗಿಗೋ, ಅಮ್ಮನಿಗೋ, ಇಲ್ಲಿಯ ತನಕ ಓದಿದ ಹುಡುಗರಾದ್ರೆ ನಿಮ್ಮ ಅಕ್ಕನಿಗೋ. ಮುಂದಿನ ವಾರ ಮತ್ತೆ ದುಡ್ಡಿನ ವಿಷಯಕ್ಕೆ ಬರ್ತೀನಿ.